ಪಬ್ಲಿಕ್, ಪ್ರೈವೇಟ್, ಹೈಬ್ರಿಡ್: ಬಿಲ್ಲು, ಡಿಸ್ಕು, ಲೈನು ಮೂರನ್ನೂ ಅಳೆದು ನೋಡಿದಾಗ

ಕ್ಲೌಡ್, ಅಂದರೆ ನೆಟ್‌ವರ್ಕ್ ಮೂಲಕ ಬೇಕಾದಷ್ಟು ಬಳಸುವ ಕಂಪ್ಯೂಟರ್ ಸೌಲಭ್ಯ, ಮಾರಲು ಬಂದವರು ಮೊದಲು ತೋರಿಸುವುದು ಗಂಟೆಗೆ ಇಷ್ಟು ಸೆಂಟ್ ಎಂಬ ಯಂತ್ರದ ದರ. ಆಯ್ಕೆ ಮಾಡುವವರು ಕೊನೆಯಲ್ಲಿ ನೋಡಬೇಕಾದ ಅಂಕಿ ಅದು. ಮೊದಲು ತಿಳಿಯಬೇಕಾದ್ದು ಎರಡೇ: ನಿಮ್ಮ ಲೋಡ್, ಅಂದರೆ ಯಂತ್ರಗಳ ಮೇಲೆ ಬೀಳುವ ಕೆಲಸದ ಭಾರ, ದಿನದಲ್ಲಿ, ವರ್ಷದಲ್ಲಿ ಹೇಗೆ ಏರಿಳಿಯುತ್ತದೆ, ಮತ್ತು ಡೇಟಾ ಎಲ್ಲಿಂದ ಎಲ್ಲಿಗೆ ಎಷ್ಟು ಓಡಾಡುತ್ತದೆ. ಇವೆರಡೂ ಕಾಗದದ ಮೇಲೆ ಬಂದರೆ ಮುಕ್ಕಾಲು ತೀರ್ಮಾನ ಆದ ಹಾಗೆಯೇ.

ಈ ವಿಮರ್ಶೆ ಮಧ್ಯಮ ಗಾತ್ರದ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಜಿಲ್ಲಾ ಮಟ್ಟದ ಸಹಕಾರಿ ಬ್ಯಾಂಕು, ಎಂಜಿನಿಯರಿಂಗ್ ಕಾಲೇಜು, ಇನ್ನೂರು ಜನ ದುಡಿಯುವ ಕಾರ್ಖಾನೆ. ಇಪ್ಪತ್ತರಿಂದ ಮೂವತ್ತು ವರ್ಚುವಲ್ ಮಷೀನು (ಒಂದು ಸರ್ವರಿನೊಳಗೆ ತಂತ್ರಾಂಶದಿಂದ ಎಬ್ಬಿಸುವ ಬೇರೆ ಬೇರೆ ಕಂಪ್ಯೂಟರ್), ಐದಾರು ಟಿಬಿ ಡೇಟಾ, ಐಟಿ ವಿಭಾಗದಲ್ಲಿ ಒಬ್ಬರೋ ಇಬ್ಬರೋ ಜನ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಕ್ಲೌಡ್ ನಿಯೋಜನೆ ನಾಲ್ಕು ಬಗೆ: ಯಾರು ಬೇಕಾದರೂ ಬಾಡಿಗೆಗೆ ಹಿಡಿಯುವ ಪಬ್ಲಿಕ್, ಒಂದೇ ಸಂಸ್ಥೆಗೆ ಮೀಸಲಾದ ಪ್ರೈವೇಟ್, ಒಂದೇ ಬಗೆಯ ಸಂಸ್ಥೆಗಳು ಹಂಚಿಕೊಳ್ಳುವ ಕಮ್ಯುನಿಟಿ, ಇವುಗಳಲ್ಲಿ ಎರಡು ಅಥವಾ ಹೆಚ್ಚನ್ನು ಬೆಸೆದ ಹೈಬ್ರಿಡ್. ಇವತ್ತಿಗೂ ಟೆಂಡರುಗಳಲ್ಲಿ ಓಡುವುದು ಇದೇ ವಿಂಗಡಣೆ.

ಪಬ್ಲಿಕ್ ಕ್ಲೌಡ್

ಭಾರತದೊಳಗೇ ಈಗ ಸಾಕಷ್ಟು ಆಯ್ಕೆ ಇದೆ. ಅಮೆಜಾನ್‌ನ ಎಡಬ್ಲ್ಯುಎಸ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಮೈಕ್ರೋಸಾಫ್ಟ್‌ನ ಅಜೂರ್ 2015ರಿಂದ ಪುಣೆ, ಚೆನ್ನೈ, ಮುಂಬೈಗಳಲ್ಲಿದೆ. ಗೂಗಲ್ 2017ರಲ್ಲಿ ಮುಂಬೈ, 2021ರಲ್ಲಿ ದೆಹಲಿ ತೆರೆಯಿತು. ಬೆಂಗಳೂರಿನಿಂದ ಹೈದರಾಬಾದ್ ಹತ್ತಿರ, ಹಾಗಾಗಿ ಪ್ಯಾಕೆಟ್ (ಡೇಟಾದ ತುಣುಕು) ಬೇಗ ಹೋಗಿ ಬರುತ್ತದೆ ಎಂದು ಊಹಿಸಿ ಒಪ್ಪಂದ ಮಾಡಬೇಡಿ. ನಿಮ್ಮ ಇಂಟರ್‌ನೆಟ್ ಕಂಪನಿ ದಾರಿಯನ್ನು ಚೆನ್ನೈ ಸುತ್ತಿಸಿ ಒಯ್ಯುತ್ತಿರಬಹುದು. ಎರಡೂ ಕಡೆ ಒಂದೊಂದು ಚಿಕ್ಕ ಯಂತ್ರ ಎಬ್ಬಿಸಿ, ಕಚೇರಿಯಿಂದ ಒಂದು ಕೆಲಸದ ದಿನ ಪೂರ್ತಿ, ದಾರಿಯ ವಿಳಂಬ ಅಳೆಯುವ ಎಂಟಿಆರ್ ಉಪಕರಣ ಓಡಿಸಿ, ಮಧ್ಯಾಹ್ನ ಹನ್ನೆರಡರ ಅಂಕಿಯನ್ನೂ ರಾತ್ರಿ ಹನ್ನೊಂದರ ಅಂಕಿಯನ್ನೂ ಹೋಲಿಸಿ. ಹೊಸ ಬಗೆಯ ಯಂತ್ರಗಳು, ಹೊಸ ಸೇವೆಗಳು ಹೈದರಾಬಾದಿಗೆ ಮುಂಬೈಗಿಂತ ತಡವಾಗಿ ಬರುತ್ತವೆ. ಬೇಕಾದ ಸೇವೆ ಅಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಪಬ್ಲಿಕ್ ಕ್ಲೌಡ್ ನಿಜವಾಗಿ ಕೈಹಿಡಿಯುವುದು ಲೋಡ್ ದಿಢೀರನೆ ಹತ್ತಿ ಇಳಿಯುವ ಕಡೆ. ಎಸ್ಎಸ್ಎಲ್‌ಸಿ ಫಲಿತಾಂಶದ ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರ ಹಿಂದೆ ಅಪ್ಪ, ಅಮ್ಮ, ಮೇಷ್ಟ್ರು, ನೆಂಟರು, ಎಲ್ಲರೂ ಒಂದೇ ನಿಮಿಷದಲ್ಲಿ ಬಾಗಿಲು ಬಡಿಯುತ್ತಾರೆ. ‘ಆಟೋಸ್ಕೇಲಿಂಗ್ (ಲೋಡ್ ನೋಡಿ ಯಂತ್ರ ತಾನಾಗಿ ಹೆಚ್ಚಿಸುವ ವ್ಯವಸ್ಥೆ) ಹಾಕಿದ್ದೇವೆ, ಹೆದರಬೇಡಿ’ ಎನ್ನುವವರ ಮಾತನ್ನು ಇಲ್ಲಿ ನಂಬಬಾರದು. ಹೊಸ ಯಂತ್ರ ಎದ್ದು, ಅಪ್ಲಿಕೇಶನ್ ಶುರುವಾಗಿ, ವಿನಂತಿಗಳನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿನ ಪರೀಕ್ಷೆ ಪಾಸಾಗಲು ಮೂರರಿಂದ ಐದು ನಿಮಿಷ ಬೇಕು. ಜನ ಬರುವುದು ಮೊದಲ ಅರವತ್ತು ಸೆಕೆಂಡಿನಲ್ಲಿ. ಸಮಯ ಗೊತ್ತಿರುವ ನೂಕುನುಗ್ಗಲಿಗೆ ಅರ್ಧ ಗಂಟೆ ಮೊದಲೇ ಯಂತ್ರಗಳನ್ನು ಎಬ್ಬಿಸಿ ನಿಲ್ಲಿಸುವುದೇ ಸರಿ.

ಅಷ್ಟು ಮಾಡಿದರೂ ಬೀಳುವುದು ಡೇಟಾಬೇಸ್. ನಾಲ್ಕು ಯಂತ್ರ, ಪ್ರತಿ ಯಂತ್ರದಿಂದ ಡೇಟಾಬೇಸಿಗೆ 20 ಕನೆಕ್ಷನ್ ಎಂದರೆ 80. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೂಲ ಮಿತಿ 100, ಆದ್ದರಿಂದ ದಿನನಿತ್ಯ ಏನೂ ತೊಂದರೆ ಕಾಣುವುದಿಲ್ಲ. ನೂಕುನುಗ್ಗಲಿನ ದಿನ ಯಂತ್ರ ಹತ್ತಾದವು, ಕನೆಕ್ಷನ್ ಬೇಡಿಕೆ 200 ಆಯಿತು, ಅರ್ಧಕ್ಕರ್ಧ ವಿನಂತಿ ತಿರಸ್ಕಾರ. ಸಾಮರ್ಥ್ಯ ಹೆಚ್ಚಿಸಲು ಇಟ್ಟ ವ್ಯವಸ್ಥೆಯೇ ಕೆಡವುತ್ತದೆ. ನಡುವೆ, ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಪಿಜಿಬೌನ್ಸರ್ ಇಟ್ಟರೆ ಇದು ನಿಲ್ಲುತ್ತದೆ. ಆದರೆ ಫಲಿತಾಂಶದಂಥ ಕೆಲಸಕ್ಕೆ ಡೇಟಾಬೇಸ್ ಬೇಕೇ ಇಲ್ಲ. ಒಮ್ಮೆ ಪ್ರಕಟವಾದ ಅಂಕಪಟ್ಟಿ ಆ ದಿನ ಬದಲಾಗುವುದಿಲ್ಲ. ಪ್ರತಿ ವಿದ್ಯಾರ್ಥಿಗೆ 5 ಕೆಬಿಯ ಒಂದು ಪುಟ ಹಿಂದಿನ ರಾತ್ರಿಯೇ ತಯಾರಿಸಿಟ್ಟರೆ ಎಂಟು ಲಕ್ಷ ಪುಟಕ್ಕೆ ಒಟ್ಟು 4 ಜಿಬಿ. ಒಂದು ಸಾಧಾರಣ ಲ್ಯಾಪ್‌ಟಾಪಿನ ಮೆಮೊರಿಯಲ್ಲಿ ಹಿಡಿಸುವಷ್ಟು! ಅದನ್ನು ಸಿಡಿಎನ್ (ಪುಟದ ಪ್ರತಿಗಳನ್ನು ಊರೂರಿನ ಸರ್ವರುಗಳಲ್ಲಿಟ್ಟು ಕೊಡುವ ಜಾಲ) ಹಿಂದೆ ಇಟ್ಟರೆ ನೂಕುನುಗ್ಗಲು ಮೂಲ ಸರ್ವರಿನ ಹತ್ತಿರ ಸುಳಿಯುವುದೂ ಇಲ್ಲ. ರಿಜಿಸ್ಟರ್ ನಂಬರನ್ನೇ ಫೈಲಿನ ಹೆಸರಾಗಿ ಇಡಬಾರದು ಅಷ್ಟೇ. ಮುಂದಿನ ನಂಬರು ಹಾಕಿದರೆ ಪಕ್ಕದ ಮಗುವಿನ ಅಂಕ ಸಿಕ್ಕಿಬಿಡುತ್ತದೆ.

ಇನ್ನು ಬಿಲ್ಲು. ಎಡಬ್ಲ್ಯುಎಸ್ ಮುಂಬೈಯ ಉದಾಹರಣೆ ಹಿಡಿದು ಹೇಳುತ್ತೇವೆ, ಉಳಿದವರ ಸ್ವರೂಪವೂ ಹೆಚ್ಚುಕಡಿಮೆ ಇದೇ. ಹೊರಹೋಗುವ ಡೇಟಾಕ್ಕೆ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಮೊದಲ ಹಂತದಲ್ಲಿ ಜಿಬಿಗೆ 10.93 ಸೆಂಟ್. ಕಾಲೇಜಿನ ವೀಡಿಯೊ ಪಾಠಗಳು ತಿಂಗಳಿಗೆ 2 ಟಿಬಿ ಹೊರಗೆ ಹೋದರೆ ಅದೊಂದಕ್ಕೇ ಸುಮಾರು 213 ಡಾಲರ್. ಇದನ್ನೇ ಅಮೆಜಾನ್‌ನ ಸಿಡಿಎನ್ ಆದ ಕ್ಲೌಡ್‌ಫ್ರಂಟ್ ಮೂಲಕ ಕಳಿಸಿದರೆ ತಿಂಗಳ ಮೊದಲ 1 ಟಿಬಿ ಉಚಿತ, ಬಿಲ್ಲು ಅರ್ಧಕ್ಕೆ ಇಳಿಯುತ್ತದೆ. ಸಾರ್ವಜನಿಕ ಐಪಿವಿ4 ವಿಳಾಸಕ್ಕೆ (ಇಂಟರ್‌ನೆಟ್‌ನಲ್ಲಿ ಯಂತ್ರದ ಗುರುತಿನ ಸಂಖ್ಯೆ) 2024ರ ಫೆಬ್ರುವರಿಯಿಂದ ಗಂಟೆಗೆ ಅರ್ಧ ಸೆಂಟ್, ಅಂದರೆ ತಿಂಗಳಿಗೆ ಒಂದಕ್ಕೆ 3.65 ಡಾಲರ್. ಚಿಕ್ಕದೆನಿಸುತ್ತದೆ, ಆದರೆ ಪರೀಕ್ಷೆಗೆಂದು ಎಬ್ಬಿಸಿ ಮರೆತ ಹತ್ತು ಯಂತ್ರಗಳ ವಿಳಾಸವೂ ಇದರಲ್ಲಿ ಸೇರುತ್ತದೆ.

ಹೆಚ್ಚು ಜನರ ಜೇಬು ಕತ್ತರಿಸುವುದು ನ್ಯಾಟ್ ಗೇಟ್‌ವೇ. ಒಳಗಿನ ಯಂತ್ರಗಳು ಹೊರಗೆ ಮಾತಾಡಲು ಇದು ಬೇಕು. ಮುಂಬೈಯಲ್ಲಿ ಗಂಟೆಗೆ 5.6 ಸೆಂಟ್, ಹಾದುಹೋಗುವ ಪ್ರತಿ ಜಿಬಿಗೆ ಇನ್ನೊಂದು 5.6 ಸೆಂಟ್. ಎರಡು ವಲಯದಲ್ಲಿ (ಒಂದೇ ಊರಿನ ಬೇರೆ ಬೇರೆ ಡೇಟಾ ಸೆಂಟರ್ ಗುಂಪು) ಒಂದೊಂದು ಇಟ್ಟರೆ ಸುಮ್ಮನೆ ನಿಂತಿದ್ದಕ್ಕೇ ತಿಂಗಳಿಗೆ 82 ಡಾಲರ್ ಹತ್ತಿರ. ಡೇಟಾಬೇಸಿನ ಬ್ಯಾಕಪ್ 1 ಟಿಬಿ ಇದೇ ದಾರಿಯಲ್ಲಿ ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ ಎಸ್3ಗೆ ಹೋದರೆ ಇನ್ನೂ 57 ಡಾಲರ್. ಇದು ಪೂರ್ತಿ ಅನಾವಶ್ಯಕ ಖರ್ಚು. ವಿಪಿಸಿಯಲ್ಲಿ (ಕ್ಲೌಡಿನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್) ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ನೇರ ದಾರಿ ಸೇರಿಸಿ ದಾರಿಗಳ ಪಟ್ಟಿಯಾದ ರೂಟ್ ಟೇಬಲಿಗೆ ಜೋಡಿಸಿದರೆ ಅದೇ ಬ್ಯಾಕಪ್ ನ್ಯಾಟ್ ಮುಟ್ಟದೆ ಹೋಗುತ್ತದೆ, ಎಂಡ್‌ಪಾಯಿಂಟಿಗೆ ಶುಲ್ಕವಿಲ್ಲ. ಹತ್ತು ನಿಮಿಷದ ಕೆಲಸ.

ಎರಡನೇ ಬಲೆ ಟಿ3 ಬಗೆಯ ಅಗ್ಗದ ಯಂತ್ರ. ಟಿ3 ಮೀಡಿಯಂನಲ್ಲಿ ಎರಡು ವಿಸಿಪಿಯು (ವರ್ಚುವಲ್ ಪ್ರೊಸೆಸರ್) ಇವೆ, ಆದರೆ ಕೊಟ್ಟ ದರಕ್ಕೆ ಸಿಗುವುದು ಪ್ರತಿಯೊಂದರ 20 ಪ್ರತಿಶತ ಮಾತ್ರ. ಅದಕ್ಕಿಂತ ಹೆಚ್ಚು ಬಳಸಿದರೆ, ಕಡಿಮೆ ಬಳಸಿದಾಗ ಕೂಡಿಟ್ಟ ಕ್ರೆಡಿಟ್ ತೀರಿದ ಮೇಲೆ, ವಿಸಿಪಿಯು-ಗಂಟೆಗೆ 5 ಸೆಂಟ್ ಹೆಚ್ಚುವರಿ. ಇದು ತಾನಾಗಿಯೇ ಚಾಲೂ ಇರುವ ಆಯ್ಕೆ, ಯಾರೂ ಕೇಳುವುದಿಲ್ಲ. ಲೆಕ್ಕ ನೋಡಿ: ಇಆರ್‌ಪಿ (ಸಂಸ್ಥೆಯ ಲೆಕ್ಕ, ದಾಸ್ತಾನು, ಸಂಬಳ ನೋಡುವ ತಂತ್ರಾಂಶ) ಇಡೀ ದಿನ 60 ಪ್ರತಿಶತದಲ್ಲಿ ಓಡಿದರೆ ಎರಡು ವಿಸಿಪಿಯುಗಳಲ್ಲೂ 40 ಪ್ರತಿಶತ ಹೆಚ್ಚು, ಒಟ್ಟು 0.8. ಗಂಟೆಗೆ 4 ಸೆಂಟ್, ತಿಂಗಳಿಗೆ 29 ಡಾಲರ್. ಹತ್ತಿರಹತ್ತಿರ ಯಂತ್ರದ ಬಾಡಿಗೆಯಷ್ಟೇ ಆಯಿತು. ದಿನವಿಡೀ ಒಂದೇ ಸಮನೆ ದುಡಿಯುವ ಕೆಲಸಕ್ಕೆ ಪೂರ್ತಿ ಪ್ರೊಸೆಸರ್ ಸದಾ ಸಿಗುವ ಎಂ ಬಗೆಯ ಯಂತ್ರವೇ ಸರಿ.

ಇದೆಲ್ಲದರ ಮೇಲೆ 18 ಪ್ರತಿಶತ ಜಿಎಸ್‌ಟಿ. ಕಾರ್ಖಾನೆಯವರಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಶಿಕ್ಷಣ ಟ್ರಸ್ಟಿಗೆ ಸಿಗುವುದಿಲ್ಲ, ಅದು ಪೂರ್ತಿ ಖರ್ಚೇ. ಹೋಲಿಕೆ ಪಟ್ಟಿಯಲ್ಲಿ ಈ ಸಾಲು ಬಿಟ್ಟುಹೋದರೆ ಪಬ್ಲಿಕ್ ಕ್ಲೌಡ್ ಸುಮ್ಮನೆ ಅಗ್ಗವಾಗಿ ಕಾಣುತ್ತದೆ.

ಕಾನೂನಿನ ಕಡೆ ಒಂದು ಸೂಕ್ಷ್ಮ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) 180 ದಿನ ಇಟ್ಟುಕೊಳ್ಳಬೇಕು, ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಎಡಬ್ಲ್ಯುಎಸ್ ಕ್ಲೌಡ್‌ಟ್ರೇಲ್‌ನ ಉಚಿತ ಇತಿಹಾಸವೂ ಅಜೂರ್‌ನ ಆಕ್ಟಿವಿಟಿ ಲಾಗ್ ಕೂಡ ತಾವಾಗಿ ಇಡುವುದು 90 ದಿನ ಮಾತ್ರ. ‘ಕ್ಲೌಡಿನಲ್ಲಿ ಎಲ್ಲ ಲಾಗ್ ಇದ್ದೇ ಇರುತ್ತದೆ’ ಎಂದುಕೊಂಡವರು ನಾಲ್ಕನೇ ತಿಂಗಳಲ್ಲಿ ಕೈಚೆಲ್ಲಬೇಕಾಗುತ್ತದೆ. ಖಾತೆ ತೆರೆದ ದಿನವೇ ಲಾಗ್ ಸಾಗಿಸುವ ಟ್ರೇಲ್ ಮಾಡಿ ಭಾರತದಲ್ಲಿರುವ ಎಸ್3 ಬಕೆಟಿಗೆ (ಸಂಗ್ರಹದ ಖಾನೆ) ತಿರುಗಿಸಿ. ಪಾವತಿ ವ್ಯವಸ್ಥೆಯ ಡೇಟಾ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಎರಡನೇ ಪ್ರತಿಯನ್ನು ಸಿಂಗಪುರಕ್ಕೆ ಕಳಿಸುವ ಹಳೆಯ ಅಭ್ಯಾಸ ಸಹಕಾರಿ ಬ್ಯಾಂಕಿಗೆ ಸಲ್ಲದು. ಮುಂಬೈ ಮತ್ತು ಹೈದರಾಬಾದ್ ಜೋಡಿ, ದೇಶದೊಳಗೇ ಎರಡನೇ ಜಾಗವಿಲ್ಲ ಎಂಬ ಕೊರತೆಯನ್ನು ನೀಗಿಸಿದೆ.

ಪ್ರೈವೇಟ್ ಕ್ಲೌಡ್

ವರ್ಷಪೂರ್ತಿ ಲೋಡ್ ಒಂದೇ ಸಮನಿದ್ದು, ಡೇಟಾ ಬೆಳೆಯುತ್ತಲೇ ಇದ್ದರೆ ಸ್ವಂತ ಯಂತ್ರಗಳ ಲೆಕ್ಕ ಗೆಲ್ಲುತ್ತದೆ. ಡ್ರಾಪ್‌ಬಾಕ್ಸ್ ತನ್ನ ಬಳಕೆದಾರರ ಡೇಟಾದ ಬಹುಪಾಲನ್ನು ಅಮೆಜಾನ್‌ನಿಂದ ಸ್ವಂತ ವ್ಯವಸ್ಥೆಗೆ ಒಯ್ದದ್ದು, ಬೇಸ್‌ಕ್ಯಾಂಪ್ ನಡೆಸುವ 37ಸಿಗ್ನಲ್ಸ್ 2022ರಲ್ಲಿ ಕ್ಲೌಡ್ ಬಿಡುವುದಾಗಿ ಹೇಳಿ ಸರ್ವರ್ ಕೊಂಡದ್ದು, ಎರಡೂ ಇದೇ ಕಾರಣಕ್ಕೆ. ಆದರೆ ಆ ಎರಡೂ ಕಡೆ ಯಂತ್ರ ಬಲ್ಲ ಜನ ಮೊದಲಿನಿಂದಲೇ ಇದ್ದರು ಎಂಬುದನ್ನು ಉದಾಹರಣೆ ಕೊಡುವವರು ಹೇಳುವುದಿಲ್ಲ.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ, ವರ್ಚುವಲ್ ಮಷೀನು ನಡೆಸುವ ತಂತ್ರಾಂಶದ ವಿಎಂವೇರ್ ಅನ್ನು ಕೊಂಡು, ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ, ಎಲ್ಲವನ್ನೂ ಚಂದಾಕ್ಕೆ ತಿರುಗಿಸಿದ ಮೇಲೆ ಚಿಕ್ಕ ಸಂಸ್ಥೆಗಳು ಅದೇ ಕೆಲಸದ ಮುಕ್ತ ತಂತ್ರಾಂಶ ಪ್ರಾಕ್ಸ್‌ಮಾಕ್ಸ್ ಕಡೆಗೆ ಹೊರಳಿವೆ. ಸಾಮಾನ್ಯವಾಗಿ ಕೊಟೇಶನ್‌ನಲ್ಲಿ ಬರುವುದು ಮೂರು ಸರ್ವರ್, ಒಂದೊಂದಕ್ಕೆ 256 ಜಿಬಿ ಮೆಮೊರಿ, 3.84 ಟಿಬಿಯ ನಾಲ್ಕು ಎಸ್‌ಎಸ್‌ಡಿ, ಮೇಲೆ ಎಲ್ಲ ಸರ್ವರುಗಳ ಡಿಸ್ಕನ್ನು ಒಂದಾಗಿಸುವ ಸೆಫ್ ಸ್ಟೋರೇಜ್. ಕಾಗದದಲ್ಲಿ 46 ಟಿಬಿ. ಇದರಲ್ಲಿ ನಿಮ್ಮ ಕೈಗೆ ನಿಜವಾಗಿ ಸಿಗುವುದೆಷ್ಟು?

ಸೆಫ್ ಪ್ರತಿ ತುಣುಕನ್ನೂ ಮೂರು ಪ್ರತಿ ಮಾಡಿ ಸರ್ವರಿಗೊಂದರಂತೆ ಇಡುತ್ತದೆ. ಹಾಗಾಗಿ 46ರ ಮೂರನೇ ಒಂದು, 15.36 ಟಿಬಿ. ಎಂಬತ್ತು ಪ್ರತಿಶತ ತುಂಬಿಸಿಕೊಳ್ಳಬಹುದು ಎಂದು ಮಾರುವವರು ಹೇಳುತ್ತಾರೆ. ಈಗ ಒಂದು ಡಿಸ್ಕ್ ಸತ್ತಿತು ಎಂದುಕೊಳ್ಳಿ. ಮೂರೇ ಸರ್ವರ್ ಇರುವುದರಿಂದ ಆ ಡಿಸ್ಕಿನ ಭಾರವನ್ನು ಅದೇ ಸರ್ವರಿನ ಉಳಿದ ಮೂರು ಡಿಸ್ಕುಗಳೇ ಹೊರಬೇಕು. ನಾಲ್ಕು ಡಿಸ್ಕಿನಲ್ಲಿದ್ದ 80 ಪ್ರತಿಶತ ಮೂರಕ್ಕೆ ಹಂಚಿದರೆ ತಲಾ ಸುಮಾರು 107 ಪ್ರತಿಶತ! ಜಾಗವೇ ಇಲ್ಲ. ಸೆಫ್ 85ರಲ್ಲಿ ಎಚ್ಚರಿಸುತ್ತದೆ, 95ರಲ್ಲಿ ಬರೆಯುವುದನ್ನೇ ನಿಲ್ಲಿಸುತ್ತದೆ. ಸತ್ತದ್ದು ಒಂದು ಡಿಸ್ಕ್, ನಿಂತದ್ದು ಇಡೀ ಬ್ಯಾಂಕಿನ ಕೌಂಟರ್. ಇದನ್ನು ತಪ್ಪಿಸಲು 60 ಪ್ರತಿಶತಕ್ಕೇ ಗೆರೆ ಎಳೆಯಬೇಕು, ಅಂದರೆ 9.2 ಟಿಬಿ. 46 ಎಂದು ಕೊಂಡದ್ದರಲ್ಲಿ ಬಳಸಬಹುದಾದ್ದು ಒಂಬತ್ತು. ನಾಲ್ಕನೇ ಸರ್ವರ್ ಸೇರಿಸುವುದು ಐಷಾರಾಮವಲ್ಲ ಎನ್ನುವುದು ಇದಕ್ಕೇ. ಮೆಮೊರಿಯಲ್ಲೂ ಹೀಗೆಯೇ: 768 ಜಿಬಿ ಎಂದು ಹಂಚಬೇಡಿ, ಒಂದು ಸರ್ವರ್ ಬಿದ್ದಾಗ ಎಲ್ಲವೂ ಎರಡರಲ್ಲಿ ಹಿಡಿಸಬೇಕಾದ್ದರಿಂದ ಲೆಕ್ಕ 512ಕ್ಕಿಂತ ಕೆಳಗೆ ನಿಲ್ಲಬೇಕು.

ಎಸ್‌ಎಸ್‌ಡಿ ಕೊಳ್ಳುವಾಗ ಪವರ್ ಲಾಸ್ ಪ್ರೊಟೆಕ್ಷನ್ (ಕರೆಂಟು ಹೋದರೂ ಬರೆಯುತ್ತಿದ್ದ ಡೇಟಾ ಉಳಿಸುವ ವ್ಯವಸ್ಥೆ) ಇರುವುದನ್ನೇ ಕೇಳಿ ಬರೆಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಸ್‌ಡಿ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಡೇಟಾಬೇಸಿನ ಪ್ರತಿ ಬರಹವನ್ನೂ ಖಾತ್ರಿಪಡಿಸಿ ಬರೆಯುವಾಗ ತೆವಳುತ್ತದೆ, ಬೇಗ ಸವೆಯುತ್ತದೆ. ಇನ್ನೊಂದು, ಕ್ಲಸ್ಟರಿನ (ಸರ್ವರುಗಳ ಗುಂಪಿನ) ನಾಡಿಮಿಡಿತ ಹೊರುವ ಕೊರೊಸಿಂಕ್‌ಗೆ ಬೇರೆಯೇ ನೆಟ್‌ವರ್ಕ್ ಕಾರ್ಡ್, ಬೇರೆಯೇ ಸ್ವಿಚ್ ಕೊಡಿ. ಒಂದೇ ತಂತಿಯಲ್ಲಿ ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾದಾಗ ಲೈನ್ ತುಂಬುತ್ತದೆ, ನಾಡಿ ತಡವಾಗುತ್ತದೆ, ಸರ್ವರ್ ತಾನು ಗುಂಪಿನಿಂದ ಬೇರೆಯಾದೆ ಎಂದು ತಿಳಿದು ತನ್ನನ್ನೇ ರೀಬೂಟ್ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ನೋಡುವವರಿಗೆ ಹಾರ್ಡ್‌ವೇರ್ ಕೆಟ್ಟಂತೆ ಕಾಣುತ್ತದೆ, ಮದರ್‌ಬೋರ್ಡ್ ಬದಲಾಗುತ್ತದೆ, ಮರುರಾತ್ರಿ ಮತ್ತೆ ಅದೇ.

ಕರೆಂಟು: ಮೂರು ಸರ್ವರ್ ಸೇರಿ 1.2 ಕಿಲೋವಾಟ್ ಎಳೆದರೆ ವರ್ಷಕ್ಕೆ ಹತ್ತೂವರೆ ಸಾವಿರ ಯೂನಿಟ್, ಎಸಿ ಬೇರೆ. ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ. ಸರ್ವರ್ ಕೋಣೆಯಲ್ಲಿ ಹೆಚ್ಚು ಕಾಣುವ ತಪ್ಪೆಂದರೆ ಯುಪಿಎಸ್ ಸರ್ವರಿಗೆ ಮಾತ್ರ ಇದ್ದು ಎಸಿ ಜನರೇಟರಿಗೆ ಸೇರದಿರುವುದು. ಕರೆಂಟು ಹೋದರೂ ಸರ್ವರ್ ಓಡುತ್ತದೆ, ಕೋಣೆ ಬಿಸಿಯೇರುತ್ತದೆ. ಕರೆಂಟು ಬಂದ ಮೇಲೂ ಆಟೋ ರೀಸ್ಟಾರ್ಟ್ ಇಲ್ಲದ ಸ್ಪ್ಲಿಟ್ ಎಸಿ ಯಾರಾದರೂ ರಿಮೋಟ್ ಒತ್ತುವವರೆಗೆ ಸುಮ್ಮನೆ ಕೂತಿರುತ್ತದೆ. ಶನಿವಾರ ಸಂಜೆ ಹೀಗಾದರೆ ಸೋಮವಾರದವರೆಗೆ ಕೇಳುವವರಿಲ್ಲ. ತಾಪಮಾನದ ಎಸ್‌ಎಂಎಸ್ ಎಚ್ಚರಿಕೆ ಹಾಕುವುದು ಮೊದಲ ವಾರದ ಕೆಲಸವಾಗಬೇಕು.

ಸ್ವಂತ ಕೋಣೆಯ ಈ ಪಾಡು ಬೇಡವಾದರೆ ಬೆಂಗಳೂರಿನ ಯಾವುದಾದರೂ ಡೇಟಾ ಸೆಂಟರಿನಲ್ಲಿ ಅರ್ಧ ರ‍್ಯಾಕ್ ಬಾಡಿಗೆಗೆ ಹಿಡಿದು ಅದೇ ಸರ್ವರುಗಳನ್ನು ಅಲ್ಲಿಡಬಹುದು. ನಮ್ಮ ಅಭಿಪ್ರಾಯದಲ್ಲಿ ಪ್ರೈವೇಟ್ ಕ್ಲೌಡ್ ಬಯಸುವವರಿಗೆ ಇದೇ ಮೇಲು. ಆದರೂ ಸೆಫ್ ಬಲ್ಲ ಕನಿಷ್ಠ ಇಬ್ಬರು ಇಲ್ಲದಿದ್ದರೆ ಈ ದಾರಿ ಹಿಡಿಯಲೇಬೇಡಿ. ಒಬ್ಬರೇ ಇದ್ದರೆ ಅವರು ಊರಿನ ಜಾತ್ರೆಗೆ ಹೋದ ದಿನ ನಿಮ್ಮ ಕ್ಲೌಡಿಗೆ ಕಾವಲಿಲ್ಲ.

ಕಮ್ಯುನಿಟಿ ಕ್ಲೌಡ್

ಇದರ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಸೇರುವ ಅರ್ಹತೆ ಇದ್ದವರಿಗೆ ಮಾತ್ರ ಬಾಗಿಲು. ಸರ್ಕಾರಿ ಇಲಾಖೆಗಳಿಗೆ ಕೇಂದ್ರ ಸರ್ಕಾರದ ಮೇಘರಾಜ್ ಇದೆ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಇಫ್ಟಾಸ್ ನಡೆಸುವ ಇಂಡಿಯನ್ ಬ್ಯಾಂಕಿಂಗ್ ಕಮ್ಯುನಿಟಿ ಕ್ಲೌಡ್ ಇದೆ. ಚಿಕ್ಕ ಸಹಕಾರಿ ಬ್ಯಾಂಕು ಅರ್ಹವಾಗಿದ್ದರೆ ಕೊಟೇಶನ್ ತರಿಸಿಕೊಳ್ಳದೆ ಬಿಡಬಾರದು. ಲೆಕ್ಕಪರಿಶೋಧಕರು ಕೇಳುವ ಕಾಗದಪತ್ರ ಅಲ್ಲಿ ಅರ್ಧ ಸಿದ್ಧವಿರುತ್ತದೆ. ಸಿದ್ಧ ಸೇವೆಗಳ ಪಟ್ಟಿ ಮಾತ್ರ ಪಬ್ಲಿಕ್ ಕ್ಲೌಡಿನಷ್ಟು ಉದ್ದವಿಲ್ಲ.

ಹೈಬ್ರಿಡ್

ಟೆಂಡರಿನಲ್ಲಿ ಅತಿ ಹೆಚ್ಚು ಬರೆಯುವ, ಅತಿ ಕಡಿಮೆ ಯೋಚಿಸುವ ಪದ ಇದು. ಡೇಟಾಬೇಸ್ ನಮ್ಮಲ್ಲೇ ಇರಲಿ, ಅಪ್ಲಿಕೇಶನ್ ಮಾತ್ರ ಕ್ಲೌಡಿಗೆ ಹೋಗಲಿ ಎಂಬ ವಿನ್ಯಾಸವನ್ನು ಭದ್ರತೆಯ ಹೆಸರಲ್ಲಿ ಒಪ್ಪಿಬಿಡುತ್ತಾರೆ. ಹಳೆಯ ಇಆರ್‌ಪಿಯ ಒಂದು ಪುಟ ತೆರೆಯಲು ಡೇಟಾಬೇಸಿಗೆ 200 ಕ್ವೆರಿ (ಪ್ರಶ್ನೆ) ಹೋಗುವುದು ಅಪರೂಪವಲ್ಲ. ಒಂದೇ ಕೋಣೆಯಲ್ಲಿ ಒಂದೊಂದಕ್ಕೆ ಅರ್ಧ ಮಿಲಿಸೆಕೆಂಡ್, ಒಟ್ಟು ಸೆಕೆಂಡಿನ ಹತ್ತನೇ ಒಂದು. ಬೆಂಗಳೂರು ಮತ್ತು ಮುಂಬೈ ನಡುವೆ ಒಂದೊಂದಕ್ಕೆ 25 ಮಿಲಿಸೆಕೆಂಡ್ ಹಿಡಿದರೆ ಅದೇ ಪುಟಕ್ಕೆ 5 ಸೆಕೆಂಡ್. ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ, ದೂರ ಕಡಿಮೆಯಾಗುವುದಿಲ್ಲವಲ್ಲ. ಅಪ್ಲಿಕೇಶನ್ನನ್ನೂ ಅದರ ಡೇಟಾಬೇಸನ್ನೂ ಯಾವತ್ತೂ ಬೇರ್ಪಡಿಸಬಾರದು.

ಜೋಡಣೆಯಲ್ಲಿ ಕಾಡುವ ತೊಂದರೆಗಳು ಮೂರು. ಕಚೇರಿಯ ನೆಟ್‌ವರ್ಕೂ ಕ್ಲೌಡಿನದೂ ಒಂದೇ 10.0.0.0/16 ವಿಳಾಸ ಶ್ರೇಣಿಯಲ್ಲಿದ್ದರೆ ರೂಟಿಂಗ್ (ಯಾವ ಕಡೆ ಕಳಿಸಬೇಕೆಂಬ ತೀರ್ಮಾನ) ಆಗುವುದಿಲ್ಲ, ಆಮೇಲೆ ವಿಳಾಸ ಬದಲಿಸುವುದು ವಾರಗಟ್ಟಲೆ ಕೆಲಸ, ಆದ್ದರಿಂದ ಮೊದಲ ದಿನವೇ ಬೇರೆ ಶ್ರೇಣಿ ಕೊಡಿ. ಕಚೇರಿ-ಕ್ಲೌಡ್ ನಡುವಿನ ಗುಪ್ತ ಸುರಂಗವಾದ ವಿಪಿಎನ್ ಏರಿದೆ, ಪಿಂಗ್ ಹೋಗುತ್ತದೆ, ಲಾಗಿನ್ ಪುಟ ಬರುತ್ತದೆ, ದೊಡ್ಡ ವರದಿ ತೆರೆದರೆ ಮಾತ್ರ ಗಿರಗಿರ ತಿರುಗುತ್ತಲೇ ಇರುತ್ತದೆ ಎಂದರೆ ಪ್ಯಾಕೆಟಿನ ಗಾತ್ರದ ಸಮಸ್ಯೆ. ಸುರಂಗದ ಹೊದಿಕೆ ಸೇರಿ ಪ್ಯಾಕೆಟ್ ದಪ್ಪವಾಗಿ ದಾರಿಯಲ್ಲಿ ಬಿದ್ದುಹೋಗುತ್ತಿದೆ, ಫೈರ್‌ವಾಲಿನಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು (ಪ್ಯಾಕೆಟಿಗೆ ಹಿಡಿಸುವ ಡೇಟಾದ ಗರಿಷ್ಠ ಗಾತ್ರ) 1360 ಬೈಟಿಗೆ ಇಳಿಸಿ. ಮೂರನೆಯದು ಲೈನು. ಎರಡು ಕಂಪನಿಗಳಿಂದ ಫೈಬರ್ ತೆಗೆದುಕೊಂಡರೂ ಇಬ್ಬರೂ ರಸ್ತೆಯ ಒಂದೇ ಪೈಪಿನಲ್ಲಿ ಬಂದಿದ್ದರೆ ಒಂದು ಜೆಸಿಬಿ ಎರಡನ್ನೂ ಕತ್ತರಿಸುತ್ತದೆ. ಕಟ್ಟಡಕ್ಕೆ ಎರಡು ಬೇರೆ ದಿಕ್ಕಿನಿಂದ ಲೈನ್ ಬರಬೇಕೆಂದು ಒಪ್ಪಂದದಲ್ಲಿ ಬರೆಸಿ, ಬಂದ ದಿನ ಹೊರಗೆ ಹೋಗಿ ಕಣ್ಣಾರೆ ನೋಡಿ.

ನಾವು ಮನಃಪೂರ್ವಕ ಒಪ್ಪುವ ಹೈಬ್ರಿಡ್ ಒಂದೇ: ಪ್ರತಿ ವ್ಯವಸ್ಥೆಯೂ ಇಡಿಯಾಗಿ ಒಂದು ಕಡೆ, ಅದರ ಬ್ಯಾಕಪ್ ಇಡಿಯಾಗಿ ಇನ್ನೊಬ್ಬರ ಕೈಯಲ್ಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟವರಿಗೆ ಎರಡೂ ಹೋದವು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಪಿಂಚಣಿ ನಿಧಿ ಯೂನಿಸೂಪರ್‌ನ ಪ್ರೈವೇಟ್ ಕ್ಲೌಡ್ ಗೂಗಲ್‌ನಲ್ಲಿ ಅಳಿಸಿಹೋಯಿತು. ಸ್ಥಾಪಿಸುವಾಗ ಒಂದು ಅಂಕಣ ಖಾಲಿ ಬಿಟ್ಟಿದ್ದರಿಂದ ಅದಕ್ಕೆ ಒಂದು ವರ್ಷದ ಅವಧಿ ಬಿದ್ದಿತ್ತು, ಅವಧಿ ಮುಗಿದಾಗ ತಾನಾಗಿ ಅಳಿಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಆ ನಿಧಿ ಮತ್ತೆ ಎದ್ದು ನಿಲ್ಲಲು ಇನ್ನೊಂದು ಕಂಪನಿಯಲ್ಲಿ ಇಟ್ಟಿದ್ದ ಬ್ಯಾಕಪ್ ನೆರವಾಯಿತು. ಸೆಫ್‌ನ ಮೂರು ಪ್ರತಿ ಬ್ಯಾಕಪ್ ಅಲ್ಲ ಎಂಬುದೂ ಇದೇ ಸಾಲಿನ ಮಾತು: ತಪ್ಪಾಗಿ ಅಳಿಸಿದ್ದು ಮೂರು ಕಡೆಯೂ ಅದೇ ಕ್ಷಣ ಅಳಿಯುತ್ತದೆ.

ಯಾರಿಗೆ ಯಾವುದು? ಕಾಲೇಜಿನ ಪ್ರವೇಶ, ಫಲಿತಾಂಶ, ವೀಡಿಯೊ ಪಾಠಗಳಿಗೆ ಪಬ್ಲಿಕ್ ಕ್ಲೌಡ್ ಬಿಟ್ಟು ಬೇರೆ ಯೋಚನೆ ಬೇಡ. ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ನೇರ ಮಾತಾಡುವ ತಂತ್ರಾಂಶ ಒಳಗೇ ಇರಲಿ, ಇಂಟರ್‌ನೆಟ್ ಹೋದರೆ ಉತ್ಪಾದನೆ ನಿಲ್ಲಬಾರದು. ಸಹಕಾರಿ ಬ್ಯಾಂಕಿಗೆ ಕೋರ್ ಬ್ಯಾಂಕಿಂಗ್ ಕೊಡುವವರ ನಿಯೋಜನೆಯೇ ಬಹುಮಟ್ಟಿಗೆ ನಿರ್ಧಾರಕ, ಉಳಿದದ್ದನ್ನು ಅದರ ಪಕ್ಕದಲ್ಲೇ ಇಡುವುದು ಲೇಸು. ಯಾವುದನ್ನು ಹಿಡಿದರೂ ಡೇಟಾಬೇಸ್ ಮಾತ್ರ ಸಾದಾ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಆಗಿರಲಿ. ಖಾತೆ ಬಿಟ್ಟು ಹೋಗುವವರಿಗೆ ಹೊರಸಾಗಣೆ ಶುಲ್ಕವನ್ನು ಗೂಗಲ್ ಮತ್ತು ಎಡಬ್ಲ್ಯುಎಸ್ 2024ರಲ್ಲಿ ಮನ್ನಾ ಮಾಡಿವೆ, ಮೊದಲೇ ಅರ್ಜಿ ಹಾಕಬೇಕು. ಒಂದೇ ಕಂಪನಿಯಲ್ಲಿ ಮಾತ್ರ ಓಡುವ ಡೇಟಾಬೇಸಿಗೆ ಆ ಮನ್ನಾದಿಂದ ಏನೂ ಉಪಯೋಗವಿಲ್ಲ.

ಸಹಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಸಿ. 500 ಜಿಬಿಯ ಬ್ಯಾಕಪ್ಪನ್ನು ನಿಮ್ಮ ಕಚೇರಿಯ ಲೈನಿನಲ್ಲೇ ಹಿಂದಕ್ಕೆ ತರಿಸಿ. 100 ಎಂಬಿಪಿಎಸ್ ಲೈನಿನಲ್ಲಿ ಬರೀ ಇಳಿಸುವುದಕ್ಕೇ ಹನ್ನೊಂದು ಗಂಟೆ, ವಾಸ್ತವದಲ್ಲಿ ಹದಿನಾಲ್ಕು. ಆಮೇಲೆ ಅದರಿಂದ ಡೇಟಾಬೇಸ್ ಎಬ್ಬಿಸಿ, ನಿನ್ನೆ ಸಂಜೆ ಕೌಂಟರಿನಲ್ಲಿ ಹರಿದ ಕೊನೆಯ ರಸೀದಿಯ ನಂಬರು ಹುಡುಕಿ.